ಜೂನ್ ಒಂದರ ಮಕ್ಕಳು

ಆರು ಗಂಟೆಗೆ ಸರಿಯಾಗಿ ಕಳಿಸಬೇಕಾಗಿದ್ದ ‘ದಿನದ ವಿಶೇಷ’ವನ್ನು ಆರೂ ಮುಕ್ಕಾಲಾದರೂ ಚಂದ್ರಕುಮಾರ ಕಳಿಸಿರಲಿಲ್ಲ. ಗುಂಡ್ಲುಪೇಟೆಯ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬರೆದದ್ದನ್ನೇ ನಾಲ್ಕನೇ ಸಲ ಓದುತ್ತಿದ್ದ. ಜೂನ್ ಒಂದು. 1874ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವಿಸರ್ಜನೆಯಾದದ್ದು. 1930ರಲ್ಲಿ ಮುಂಬೈಗೂ ಪುಣೆಗೂ ನಡುವೆ ಡೆಕ್ಕನ್ ಕ್ವೀನ್ ರೈಲು ಮೊದಲ ಸಲ ಓಡಿದ್ದು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂದದ್ದು. 1929, ನಟಿ ನರ್ಗಿಸ್ ಜನನ. ವಿಶ್ವ ಹಾಲು ದಿನ. ತಾಲ್ಲೂಕಿನ ಮುನ್ನೂರು ಚಿಲ್ಲರೆ ಮೇಷ್ಟ್ರುಗಳಿದ್ದ ಗುಂಪಿಗೆ ಒಂಬತ್ತು ವರ್ಷದಿಂದ ಅವನು ಒಂದು ದಿನವೂ ತಪ್ಪಿಸದೆ ಇದನ್ನು ಕಳಿಸುತ್ತಿದ್ದ. ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಗಟ್ಟಿಯಾಗಿ ಓದುತ್ತಿದ್ದದ್ದು ಅವನ ಪಟ್ಟಿಯನ್ನೇ. ಒಂದೊಂದು ತಾರೀಖನ್ನೂ ಎರಡು ಕಡೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಒಮ್ಮೆ ಯಾವುದೋ ಅಣೆಕಟ್ಟಿನ ಉದ್ಘಾಟನೆಯ ಇಸವಿ ಒಂದು ವರ್ಷ ಹೆಚ್ಚುಕಡಿಮೆಯಾಗಿ, ನಿವೃತ್ತ ತಹಸೀಲ್ದಾರರೊಬ್ಬರು ಫೋನ್ ಮಾಡಿ ನಯವಾಗಿಯೇ ತಿದ್ದಿದ್ದರು. ಎರಡು ದಿನ ಅನ್ನ ಸೇರಿರಲಿಲ್ಲ. ಕೈಯಲ್ಲಿದ್ದ ಫೋನು ಆಗಲೇ ಗುಂಯ್ ಗುಂಯ್ ಅನ್ನತೊಡಗಿತ್ತು. ಹುಟ್ಟುಹಬ್ಬದ ಶುಭಾಶಯಗಳು ಸರ್. ಹ್ಯಾಪಿ ಬರ್ತ್‌ಡೇ ಹೆಡ್ಮಾಷ್ಟ್ರೆ. ಅವನದೂ ಜೂನ್ ಒಂದೇ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದು. ಆ ಗುಂಪಿನಲ್ಲಿ ಇನ್ನೂ ನಲವತ್ತು ಜನರದು ಜೂನ್ ಒಂದಾದ್ದರಿಂದ ಯಾರೋ ಎಲ್ಲರಿಗೂ ಸೇರಿಸಿ ಒಂದೇ ಕೇಕಿನ ಚಿತ್ರ ಹಾಕಿದ್ದರು. ಹುರುಳಿ ಕೀಳುವಾಗ ಹೊಲದಲ್ಲೇ ನೋವು ಕಾಣಿಸಿಕೊಂಡಿತು ಎಂದು ಅವನ ಅವ್ವ ಹೇಳುತ್ತಿದ್ದಳು. ಹುರುಳಿ ಕೀಳುವುದು ಜೂನ್‌ನಲ್ಲಲ್ಲ. ಆದರೂ ಆ ಸುಳ್ಳು ಯಾರಿಗೂ ಏನೂ ಮಾಡಿರಲಿಲ್ಲ. ಇನ್ನೊಂದು ವರ್ಷಕ್ಕೆ ಅದೇ ಲೆಕ್ಕದಲ್ಲಿ ಹಾರ ಹಾಕಿಸಿಕೊಂಡು ನಿವೃತ್ತನಾಗುವುದಿತ್ತು, ಅಷ್ಟೇ. ಕಣ್ಣು ಮುಚ್ಚಿಕೊಂಡು ಪಟ್ಟಿಯನ್ನು ಕಳಿಸಿಬಿಟ್ಟ.

ಹೆಂಡತಿ ತಟ್ಟೆಯಲ್ಲಿ ಇಡ್ಲಿಯ ಪಕ್ಕಕ್ಕೆ ಬಾಳೆಹಣ್ಣು ಇಟ್ಟು ತಂದಳು. “ಪ್ರತಿ ವರ್ಷ ಈ ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗ್ತಿದ್ವಿ. ಕೋರ್ಟಿನೋರಿಗೂ ಇವತ್ತೇ ಆಗ್ಬೇಕಿತ್ತಾ? ಹೋಗಿ ಪುಸ್ತಕದಲ್ಲಿರೋದು ಓದಿ ಬಂದ್ಬಿಡಿ. ಸಂಜೆ ಬಸ್ಸಿಗಾದ್ರೂ ಹೋಗನ” ಎಂದಳು. ಅವನು ಇಡ್ಲಿ ತಿಂದು ಹಣ್ಣನ್ನು ಹಾಗೇ ಬಿಟ್ಟ. ಅದು ನಿಂಗಯ್ಯ ತಂದುಕೊಟ್ಟಿದ್ದ ಚಿಪ್ಪಿನದು. ಹೋದ ಭಾನುವಾರ ನಿಂಗಯ್ಯ ಹೇಳದೆ ಕೇಳದೆ ಬಂದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕುರ್ಚಿ ಹಾಕಿದರೂ ಕೂರದೆ ಜಗಲಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮಗಳನ್ನು ಬಾಲ್ಯದಲ್ಲೇ ಮದುವೆ ಮಾಡಿಕೊಟ್ಟ ಎಂದು ಅವನ ಮೇಲೆ, ಕಟ್ಟಿಕೊಂಡ ಶಶಿಕುಮಾರನ ಮೇಲೆ ಕೇಸು ನಡೆಯುತ್ತಿತ್ತು. ದೂರು ಕೊಟ್ಟವಳು ನಿಂಗಯ್ಯನ ಹೆಂಡತಿಯೇ. “ನೀವೇನೂ ಸುಳ್ಳೇಳ್ಬೇಕಾಗಿಲ್ಲ ಮೇಷ್ಟ್ರೇ” ಎಂದಿದ್ದ ನಿಂಗಯ್ಯ. “ಬುಕ್ನಾಗೆ ಏನ್ ಬರ್ದಿದ್ದೀರೋ ಅದ್ನ ಓದ್ಬುಡಿ, ಸಾಕು. ನಾನೇನ್ ಕಾನೂನು ಗೊತ್ತಿಲ್ದೆ ಮದ್ವೆ ಮಾಡ್ದೋನಲ್ಲ ಕಣಿ. ಗಂಡಿನ ಕಡೇರು ಆತುರ ಪಟ್ರೂವೆ, ಜೂನ್ ಒಂದು ಕಳೀಲಿ, ಮೇಷ್ಟ್ರು ಬರ್ದವ್ರೆ, ಅದು ಕಳ್ದ್ ಮೇಲೇ ಅಂತ ಆರ್ ತಿಂಗ್ಳು ಕಾಯ್ದಿವ್ನಿ.” ಆ ಮಾತಿನಲ್ಲಿ ಕಪಟವಿರಲಿಲ್ಲ. ಚಂದ್ರಕುಮಾರ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಬರೆದ ಒಂದು ಗೆರೆಯನ್ನು ಆ ಮನುಷ್ಯ ಅಷ್ಟು ನಂಬಿದ್ದ. ಹೊರಡುವಾಗ ಮಾತ್ರ, ಚಪ್ಪಲಿ ಮೆಟ್ಟಿಕೊಳ್ಳುತ್ತ, “ನಿಮ್ಗೂ ರಿಟೈರ್ಡು ಅತ್ರ ಬಂತಂತಲ್ಲ” ಎಂದು ಇತ್ತ ನೋಡದೆ ಹೇಳಿಹೋಗಿದ್ದ.

ಚಾಮರಾಜನಗರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೆರಕಣಾಂಬಿ ಕಡೆಗೆ ತಿರುಗುತ್ತಲೇ ಉತ್ತ ಕೆಂಪು ಹೊಲಗಳು, ಸೊಂಟ ಬಗ್ಗಿಸಿ ಚೆಂಡುಹೂವಿನ ಸಸಿ ನೆಡುವ ಹೆಂಗಸರು. ಓಣಂ ಹೊತ್ತಿಗೆ ಈ ಹೂವೆಲ್ಲ ಲಾರಿಯಲ್ಲಿ ಘಟ್ಟ ಇಳಿಯುತ್ತದೆ. ಅವನು ಕಿಟಕಿಯಿಂದ ಮುಖ ತಿರುಗಿಸಿ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೂತ. ಓಣಂ ದಿನ ಹುಟ್ಟಿದ್ದು ಮೇಷ್ಟ್ರೇ, ಎಂದಿದ್ದಳು ನಿಂಗಯ್ಯನ ಹೆಂಡತಿ ಪುಟ್ಟಸಿದ್ದಮ್ಮ, ಮಗಳನ್ನು ಕರೆತಂದು. ಹದಿಮೂರು ವರ್ಷದ ಹಿಂದೆ, ಹರವೆ ಹೋಬಳಿಯ ಒಂದು ಸಣ್ಣ ಊರಿನ ಎರಡು ಕೋಣೆಯ ಶಾಲೆಯಲ್ಲಿ, ಸುಣ್ಣದ ವಾಸನೆ ಇನ್ನೂ ಹೋಗಿರದ ಗೋಡೆಗೆ ಒರಗಿ ನಿಂತು. ಗಂಡ ಹೆಂಡತಿ ವಯನಾಡಿನ ಕಾಫಿ ಎಸ್ಟೇಟಿಗೆ ಕೂಲಿಗೆ ಹೋಗಿದ್ದಾಗ ಅಲ್ಲಿನ ಲೈನುಮನೆಯಲ್ಲೇ ಹೆರಿಗೆಯಾಗಿತ್ತು. ಜನನ ಪತ್ರ ಗಿತ್ರ ಯಾವುದೂ ಇರಲಿಲ್ಲ. “ಎಸ್ಟೇಟ್ಗೆಲ್ಲ ರಜ. ಡಾಕುಟ್ರೂ ಊಟಕ್ಕೋಗಿದ್ರು. ಓದ ಓಣಂಗೆ ನಾಕ್ ತುಂಬ್ತು. ಇನ್ನೂ ಚಿಕ್ಕೋಳು, ಸುಮ್ಕೆ ಕೂರ್ಸ್ಕಳಿ, ಬರೋ ವರ್ಸ ಬರ್ಕಳಿವ್ರಂತೆ.” ಆದರೆ ಆ ವರ್ಷ ಶಾಲೆಯಲ್ಲಿ ಇದ್ದದ್ದು ಒಂಬತ್ತು ಮಕ್ಕಳು. ಹತ್ತು ತುಂಬದಿದ್ದರೆ ಶಾಲೆ ಮುಚ್ಚುತ್ತಾರೆ, ನಿಮ್ಮನ್ನು ಹನೂರಿನಾಚೆ ಕಾಡಂಚಿಗೆ ಹಾಕುತ್ತಾರೆ ಎಂದು ಮೇಲಿನವರು ಹೇಳಿದ್ದರು. ಅವನ ಮಗಳು ಆಗ ಎಸ್ಸೆಸ್ಸೆಲ್ಸಿ. ಮನೆ ಕದಲಿಸುವ ಹಾಗಿರಲಿಲ್ಲ. ಅವನು ಮಗುವನ್ನು ಹತ್ತಿರ ಕರೆದ. ಎಡಗೈಯಲ್ಲಿ ಬೆಲ್ಲದ ಚೂರು ಬಿಗಿಯಾಗಿ ಹಿಡಿದಿತ್ತು. ಬಲಗೈ ತಲೆ ಮೇಲಿಂದ ತಂದು ಈ ಕಿವಿ ಮುಟ್ಟಮ್ಮ, ಎಂದ. ಮುಟ್ಟಿದರೆ ಆರು ವರ್ಷ ಎಂಬ ಲೆಕ್ಕ ಅವನ ಮೇಷ್ಟ್ರ ಕಾಲದಿಂದಲೂ ಇದ್ದದ್ದು. ಬೆರಳು ಕಿವಿಯಿಂದ ಎರಡಂಗುಲ ಮೇಲೇ ನಿಂತಿತು. ಮಗು ಬೆವರುತ್ತ, ನಾಲಿಗೆ ಕಚ್ಚಿಕೊಂಡು, ಎಟುಕಿಸಲು ತುದಿಗಾಲಲ್ಲಿ ನಿಂತಿತು, ಎತ್ತರಕ್ಕೆ ಕೈ ಚಾಚುವವರ ಹಾಗೆ. ಚಂದ್ರಕುಮಾರ ಎರಡು ಬೆರಳಿಂದ ಅದರ ತಲೆಯನ್ನು ಮೆಲ್ಲಗೆ ಬಲಕ್ಕೆ ಬಾಗಿಸಿದ. ಕಿವಿ ಬೆರಳಿಗೆ ಸಿಕ್ಕಿತು. ಮಗು ನಕ್ಕಿತು. ಅವನು ಬರೆದ: ಹರ್ಷಿತಾ, ತಂದೆ ನಿಂಗಯ್ಯ, ಒಂದು ಆರು ಎರಡು ಸಾವಿರದ ಏಳು. ಹರಳೆಣ್ಣೆಯ ಜಿಡ್ಡು ಬೆರಳಿಗೆ ಅಂಟಿತ್ತು. ರಿಜಿಸ್ಟರಿನ ಆ ಪುಟದಲ್ಲೂ ಅದರ ಕಲೆ ಆಗಿರಬೇಕು. ಅದಕ್ಕಿಂತ ಹೊಲಸಾದದ್ದು ಆ ಸಂಜೆ ನಡೆಯಿತು. ಮನೆಗೆ ಬಂದು, ಚಟ ತಡೆಯಲಾರದೆ, ಹಳೆಯ ಪಂಚಾಂಗ ತೆಗೆದು ಎರಡು ಸಾವಿರದ ಎಂಟನೇ ಇಸವಿಯ ಓಣಂ ಯಾವತ್ತು ಬಿದ್ದಿತ್ತೆಂದು ನೋಡಿದ್ದ. ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ. ಮಾರನೆಯ ದಿನ ಹೋಗಿ ತಿದ್ದಬಹುದಿತ್ತು. ಪ್ರತಿ ವರ್ಷ ಸೆಪ್ಟೆಂಬರ್ ಹನ್ನೆರಡರ ಪಟ್ಟಿ ಬರೆಯುವಾಗ ಆ ಮಗುವಿನ ನೆನಪಾಗುತ್ತಿತ್ತು, ಅದೂ ಒಂದು ಸಣ್ಣ ಸಂತೋಷದಿಂದ, ತನಗೊಬ್ಬನಿಗೇ ಗೊತ್ತಿರುವ ಸಂಗತಿ ಎಂಬಂತೆ. ಮದುವೆಯ ಸುದ್ದಿ ಬರುವವರೆಗೆ.

ಕೋರ್ಟಿನ ಆವರಣದಲ್ಲಿ ರಂಗರಾಜು ಕಾಯುತ್ತಿದ್ದ. ಆ ಊರಿನ ಶಾಲೆಗೆ ಈಗ ಅವನೇ ಮುಖ್ಯೋಪಾಧ್ಯಾಯ; ರಿಜಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದ. “ಹುಟ್ಟುಹಬ್ಬದ ಶುಭಾಶಯ ಸರ್” ಎಂದು ಕೈ ಕುಲುಕಿ, ದನಿ ತಗ್ಗಿಸಿ, “ಮೂಳೆ ಪರೀಕ್ಷೆಲಿ ಡಾಕ್ಟ್ರು ಹದಿನಾರರಿಂದ ಹದಿನೆಂಟು ಅಂತ ಬರ್ದವ್ರಂತೆ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಎಲ್ಲ ನಮ್ ರಿಜಿಸ್ಟರ್ ಮೇಲೇ ನಿಂತದೆ. ನೀವು ಹೌದು ಅಂದ್ಬಿಟ್ರೆ ಮುಗೀತು ಸರ್” ಎಂದ. ಚಂದ್ರಕುಮಾರನನ್ನು ಸಾಕ್ಷಿಗೆ ಕರೆಸಿದ್ದವರೂ ಆರೋಪಿಗಳ ವಕೀಲರೇ. ಕಾರಿಡಾರಿನ ಒಂದು ತುದಿಯ ಬೆಂಚಿನಲ್ಲಿ ನಿಂಗಯ್ಯ, ಇಸ್ತ್ರಿ ಮಾಡಿದ ಅಂಗಿಯ ಶಶಿಕುಮಾರ. ಶಶಿಕುಮಾರ ಗೂಡ್ಸ್ ಆಟೋ ಓಡಿಸುವವನು, ಮೂವತ್ತು ದಾಟಿದ್ದವನು. ಎದ್ದು ನಿಂತು ಕೈ ಮುಗಿದ. ಇನ್ನೊಂದು ತುದಿಯಲ್ಲಿ ನೆಲದ ಮೇಲೆ ಪುಟ್ಟಸಿದ್ದಮ್ಮ, ಪಕ್ಕದಲ್ಲಿ ಹುಡುಗಿ. ಮದುವೆಯಾಗಿ ನಾಲ್ಕು ತಿಂಗಳಿಗೆ, ಉಟ್ಟ ಬಟ್ಟೆಯಲ್ಲಿ, ಹನ್ನೊಂದು ಮೈಲಿ ನಡೆದುಕೊಂಡು ತಾಯಿಯ ಹತ್ತಿರ ವಾಪಸ್ಸು ಬಂದವಳು. ಚಂದ್ರಕುಮಾರ ಅವಳನ್ನು ನೋಡಿ ಆ ಮಗುವಿನ ಮುಖವನ್ನು ಹುಡುಕಿದ, ಸಿಗಲಿಲ್ಲ. ಸಣಕಲು ಮೈ, ತಲೆಗೆ ದುಪ್ಪಟ್ಟಾ ಎಳೆದುಕೊಂಡಿದ್ದಳು. ಪುಟ್ಟಸಿದ್ದಮ್ಮ ಅವನ ಕಡೆ ನೋಡಿದ್ದು ಒಂದೇ ಸಲ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೂ ಅಲ್ಲ, ಸಂತೆಯಲ್ಲಿ ಎಲ್ಲೋ ಕಂಡ ಮುಖ ಎಂಬಂತೆ. ಅವನಿಗೆ ಮೂತ್ರಕ್ಕೆ ಅವಸರವಾಯಿತು. ಹೋಗಿ ಬಂದ. ಮತ್ತೆ ಅವಸರವಾಯಿತು. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಒಂದು ಮೆಮೊ ಇರಲಿಲ್ಲ. ಜಿಲ್ಲಾ ಉತ್ತಮ ಶಿಕ್ಷಕ ಎಂದು ಕೊಟ್ಟ ಫಲಕ ಹಜಾರದ ಟೀವಿಯ ಮೇಲಿತ್ತು. ಹೌದು ಎಂದರೆ ಅದು ಸುಳ್ಳೂ ಆಗುವುದಿಲ್ಲ, ಬರೆದದ್ದು ಹೌದಲ್ಲ, ಬರಹ ನನ್ನದು ಹೌದಲ್ಲ. ಕೇಳಿದಷ್ಟಕ್ಕೆ ಉತ್ತರ. ಬರೆದದ್ದು ನಿಜವೇ ಎಂದು ಯಾರೂ ಕೇಳಲಾರರು, ಕೇಳಬೇಕಾದ ಅಗತ್ಯವಾದರೂ ಏನು ಅವರಿಗೆ? ಇದೇ ಮಾತನ್ನು ಗೋಡೆಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತ ಹೇಳಿಕೊಳ್ಳುತ್ತಿರುವಾಗಲೇ ಜವಾನ ಬಾಗಿಲಿಗೆ ಬಂದು ಕೂಗಿದ: “ಚಂದ್ರಕುಮಾರ್... ಬಿನ್ ಪುಟ್ಟಬಸಪ್ಪಾ...” ಸತ್ತು ಇಪ್ಪತ್ತು ವರ್ಷವಾದ ಅಪ್ಪನ ಹೆಸರು ಆ ಕಾರಿಡಾರಿನಲ್ಲಿ ಅಷ್ಟು ಗಟ್ಟಿಯಾಗಿ ಕೇಳಿ ಅವನು ಒಮ್ಮೆ ಹಿಂದಿರುಗಿ ನೋಡಿದ.

ಕಟಕಟೆಯ ಮರ ಸವೆದು ನುಣುಪಾಗಿತ್ತು. ಪ್ರಮಾಣ ಮಾಡಿಸಿದರು. ಹೆಸರು, ಉದ್ಯೋಗ. “ವಯಸ್ಸು?” ಎಂದು ನ್ಯಾಯಾಧೀಶೆ ಕೇಳಿದಾಗ ಅವನು ತೊದಲಿದ. “ಐವತ್ತೊಂಬತ್ತು... ಇವತ್ತಿಗೆ.” “ಅಂದ್ರೆ ಇವತ್ತೇ ಹುಟ್ಟಿದ ದಿನವಾ?” ವಕೀಲರ ಮೇಜಿನ ಹತ್ತಿರ ಯಾರೋ ಮುಗುಳ್ನಕ್ಕರು. ಅದೇ ಕ್ಷಣಕ್ಕೆ ಜೇಬಿನ ಫೋನು ಗುಂಯ್ ಎಂದಿತು. ಜವಾನ ಬಂದು ಅದನ್ನು ಈಸಿಕೊಂಡು ಹೋದ, ಪೇಟೆಯ ಪುಂಡನಿಂದ ಕಿತ್ತುಕೊಳ್ಳುವ ಹಾಗೆ. ವಕೀಲರು ರಿಜಿಸ್ಟರನ್ನು ಬಿಡಿಸಿ ಅವನ ಮುಂದೆ ಹಿಡಿದರು. ಬರಹ ನಿಮ್ಮದೇ? ಹೌದು. ಸಹಿ? ಹೌದು. ಕ್ರಮಸಂಖ್ಯೆ ಹತ್ತರ ಎದುರು ಜನ್ಮ ದಿನಾಂಕ ಓದಿ. ಓದಿದ. ಎಲ್ಲ ಅವನು ಎಣಿಸಿದ ಹಾಗೇ ನಡೆಯುತ್ತಿತ್ತು, ಇನ್ನೇನು ಮುಗಿಯಿತು, ಸಂಜೆಯ ಬಸ್ಸಿಗೆ ಬೆಟ್ಟಕ್ಕೂ ಹೋಗಬಹುದು. ಆಗ ವಕೀಲರು, ತಮ್ಮ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟು ಮಾಡಲೆಂದೇ, “ಅಂದ್ರೆ ಈ ದಿನಾಂಕ ಸರಿಯಾಗಿದೆ ಅಂತ ನ್ಯಾಯಾಲಯಕ್ಕೆ ಹೇಳ್ತೀರಿ” ಎಂದರು. ಅದು ಪ್ರಶ್ನೆಯೂ ಆಗಿರಲಿಲ್ಲ. ಬರೀ ಒಂದು ‘ಹ್ಞೂಂ’ ಸಾಕಿತ್ತು. ಚಂದ್ರಕುಮಾರ ಪುಟವನ್ನೇ ನೋಡುತ್ತಿದ್ದ. ಎಣ್ಣೆಯ ಕಲೆ ಎಲ್ಲೂ ಇರಲಿಲ್ಲ. ಎಷ್ಟು ದುಂಡಗೆ, ಎಷ್ಟು ಚೆಂದವಾಗಿ ಬರೆದಿದ್ದ. ಈ ಅಕ್ಷರ ನೋಡಿದವರು ಯಾರಾದರೂ ನಂಬುತ್ತಾರೆ. ಊರವರು ನಂಬಿದ್ದರು, ಶಶಿಕುಮಾರ ನಂಬಿದ್ದ, ಇದನ್ನು ನಂಬಿ ಒಂದು ಕುಟುಂಬ ಕ್ಯಾಲೆಂಡರಿನ ಮುಂದೆ ಆರು ತಿಂಗಳು ಕಾದು ಕೂತಿತ್ತು. ಹಿಂದಿನ ಸಾಲಿನಲ್ಲಿ ಹುಡುಗಿ ತಲೆಯನ್ನು ಕೊಂಚ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಬಲಕ್ಕೆ.

“ಅಲ್ಲ” ಎಂದ.

“ಏನು?”

“ಸರಿಯಾಗಿಲ್ಲ. ಅದು ನಾನು ಹಾಕಿದ್ದು. ಮಗುಗೆ ಆಗ ಐದೂ ತುಂಬಿರ್ಲಿಲ್ಲ.”

ವಕೀಲರು ರಿಜಿಸ್ಟರನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಅವರ ದನಿಯೇ ಬೇರೆಯಾಯಿತು. ಈ ಸಾಕ್ಷಿ ತಮ್ಮ ವಿರುದ್ಧ ತಿರುಗಿದ್ದಾನೆಂದು ಹೇಳಿ, ತಾವೇ ಕರೆಸಿದವನನ್ನು ಪಾಟೀಸವಾಲು ಮಾಡಲು ಅನುಮತಿ ಕೇಳಿದರು. ನ್ಯಾಯಾಧೀಶೆ ಕನ್ನಡಕ ತೆಗೆದು ಅವನನ್ನು ನೋಡಿ, “ಹಾಗಾದ್ರೆ ಸರಿಯಾದ ದಿನಾಂಕ ನಿಮಗೆ ಗೊತ್ತಾ?” ಎಂದರು. ಗೊತ್ತು ಎಂದ. ಹನ್ನೆರಡು ಒಂಬತ್ತು ಎರಡು ಸಾವಿರದ ಎಂಟು, ಶುಕ್ರವಾರ. ತಾಯಿ ಓಣಂ ಎಂದದ್ದು, ಎಸ್ಟೇಟಿಗೆ ರಜ ಇದ್ದದ್ದು, ತಾನು ಅದೇ ಸಂಜೆ ಪಂಚಾಂಗ ನೋಡಿದ್ದು, ಹತ್ತನೆಯ ಮಗು ಬೇಕಾಗಿದ್ದದ್ದು, ತಲೆ ಬಾಗಿಸಿದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಿರುವಾಗ ತನ್ನ ಮಾತು ಪ್ರಾರ್ಥನೆಯ ಹೊತ್ತಿನ ವಿವರಣೆಯ ಹಾಗೆ ನೀಟಾಗಿ ಬರುತ್ತಿರುವುದಕ್ಕೆ ಅವನಿಗೇ ನಾಚಿಕೆಯಾಯಿತು. ನ್ಯಾಯಾಧೀಶೆ ಬೆರಳಚ್ಚಿನವನಿಗೆ ಹೇಳಿ ಬರೆಸತೊಡಗಿದರು: “ಸದರಿ ಜನ್ಮ ದಿನಾಂಕವನ್ನು ನಾನು ಕಾಲ್ಪನಿಕವಾಗಿ ನಮೂದಿಸಿರುತ್ತೇನೆ.” ಆ ‘ನಾನು’ ಯಾರೋ ಬೇರೆಯವನೆನಿಸಿತು. “ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೀರಿ, ಈ ಒಂದು ಮಗುವಿನ ತಾರೀಖು ಮಾತ್ರ ನೆನಪಿದೆಯೋ? ದೂರು ಕೊಟ್ಟವರು ಹೇಳಿಕೊಟ್ಟದ್ದೋ?” ವಕೀಲರು ಪುಟದ ಮೇಲೆ ಬೆರಳಾಡಿಸುತ್ತ ಎಣಿಸಿದರು. “ಈ ಒಂದು ಪುಟದಲ್ಲಿ ಹದಿನಾರು ಹೆಸರು. ಅದರಲ್ಲಿ ಹದಿನಾಲ್ಕು ಮಕ್ಕಳು ಜೂನ್ ಒಂದು. ಊರಿನ ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆರ್ತಿದ್ರಾ ಮೇಷ್ಟ್ರೇ?” ಈ ಸಲ ಎಲ್ಲರೂ ನಕ್ಕರು. ನಿಂಗಯ್ಯನೊಬ್ಬ ನಗಲಿಲ್ಲ, ಬಾಯಿ ಅರೆತೆರೆದು ಚಂದ್ರಕುಮಾರನನ್ನೇ ನೋಡುತ್ತಿದ್ದ, ಕಾಲುವೆ ದಾಟಲು ಹಾಕಿದ್ದ ಹಲಗೆ ಕಾಲ ಕೆಳಗೇ ಮುರಿದವನಂತೆ. “ಉಳಿದ ಹದಿಮೂರು ಜನರ ನಿಜವಾದ ದಿನಾಂಕ ಹೇಳಿ ನೋಡೋಣ.” ಚಂದ್ರಕುಮಾರ ವಕೀಲರ ಬೆರಳಡಿಯ ಹೆಸರುಗಳ ಮೇಲೆ ಕಣ್ಣಾಡಿಸಿದ. “ಗೊತ್ತಿಲ್ಲ” ಎಂದ. “ಯಾರೂ ಹೇಳ್ಲಿಲ್ವಾ, ನೀವು ಕೇಳ್ಲಿಲ್ವಾ?” “ಕೇಳ್ಲಿಲ್ಲ.” ಹೇಳಿಕೆಯ ನಕಲನ್ನು ಇಲಾಖೆಗೆ ಕಳಿಸುವಂತೆ ನ್ಯಾಯಾಧೀಶೆ ಸೂಚಿಸಿದರು. ರಿಜಿಸ್ಟರು ಕೋರ್ಟಿನಲ್ಲೇ ಉಳಿಯಿತು. ಅವನು ಕೆಳಗಿಳಿದು, ಸಹಿ ಹಾಕಿ, ಫೋನು ಈಸಿಕೊಂಡು ಹೊರಗೆ ಬಂದ. ಮೂವತ್ತೆಂಟು ಶುಭಾಶಯಗಳಿದ್ದವು.

ರಂಗರಾಜು ಬೈಕಿನ ಹತ್ತಿರ ನಿಂತಿದ್ದವನು ಇವನನ್ನು ಕಂಡದ್ದೇ ಹೆಲ್ಮೆಟ್ ಹಾಕಿಕೊಂಡುಬಿಟ್ಟ. ನಿಂಗಯ್ಯ, ಶಶಿಕುಮಾರ ಇನ್ನೂ ಒಳಗೆ ವಕೀಲರ ಜೊತೆಗಿದ್ದರು. ಹೊಂಗೆ ಮರದ ಕೆಳಗೆ ಪುಟ್ಟಸಿದ್ದಮ್ಮ ಬಾಟಲಿಯ ನೀರು ಕುಡಿಯುತ್ತಿದ್ದಳು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿ ಇರಲಿಲ್ಲ. ಅವಳು ಕೃತಜ್ಞತೆ ಹೇಳಬಹುದು ಎಂಬ ಆಸೆ ತನಗೆ ಇದ್ದುದು ಅವನಿಗೆ ಹತ್ತಿರ ಹೋದ ಮೇಲೆ ಗೊತ್ತಾಯಿತು.

“ಓಣಂ ಅಂದದ್ದು ನಿಮ್ಗೆ ಗ್ಯಾನ ಇತ್ತಾ?” ಎಂದಳು.

“ಇತ್ತು.”

“ನಂಗೆ ವರ್ಸವೇ ಮರ್ತೋಗಿತ್ತು. ಪೋಲೀಸ್ನೋರು ಕೇಳ್ದಾಗ ತಡಬಡಾಯಿಸ್ಬುಟ್ಟೆ. ಎತ್ತೋಳ್ಗೇ ಗೊತ್ತಿಲ್ವಾ ಅಂತ ಬೈದ್ರು.” ಬಾಟಲಿಯ ಮುಚ್ಚಳ ತಿರುಗಿಸಿದಳು. “ಆವತ್ತೇ ಬರ್ದಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ.”

ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ ಹಾಗಿತ್ತು. ಹನೂರು, ವರ್ಗಾವಣೆ, ಮಗಳ ಎಸ್ಸೆಸ್ಸೆಲ್ಸಿ ಎಂದೆಲ್ಲ ಒಳಗೆ ಪೋಣಿಸಿಕೊಂಡಿದ್ದ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಅಷ್ಟರಲ್ಲಿ ಹುಡುಗಿಯೇ ಕೇಳಿದಳು: “ಅಂಗಾದ್ರೆ ನಂಗೀಗ ಎಷ್ಟು ಸಾ?”

“ಹದಿನೇಳು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ” ಎಂದ, ಯೋಚಿಸದೆ. ಅವಳು ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡಳು. ಆಮೇಲೆ ದು‍ಪ್ಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ತಾಯಿಯ ಮುಖವನ್ನೊಮ್ಮೆ ನೋಡಿ, “ಮಾದೇವಿ ಗೊತ್ತಾ ಸಾ? ನಾನು ಎರಡ್ನೇ ಕ್ಲಾಸಲ್ಲಿರೋವಾಗ ಸೇರ್ಕೊಂಡ್ಲು. ಸಣ್ಣಕ್ಕಿದ್ಲು, ನಿದ್ದೆ ಮಾಡ್ಬುಡೋಳು ಕ್ಲಾಸಲ್ಲಿ. ಅವಳ್ದೂ ಜೂನ್ ಒಂದೇಯ. ಇವತ್ತಿಗೆ ಹದಿನೆಂಟಾಯ್ತು ಅಂತ ನಾಳಿದ್ದು ಮದ್ವೆ ಇಟ್ಕೊಂಡವ್ರೆ. ನಂಗಿಂತ ಎರಡು ವರ್ಸಕ್ಕೆ ಚಿಕ್ಕೋಳು ಸಾ ಅವ್ಳು.”

“ನಿಂಗ್ಯಾಕಮ್ಮಿ ಊರೋರ್ ಉಸಾಬರಿ” ಎಂದಳು ತಾಯಿ, ಆದರೆ ತಡೆಯುವ ದನಿಯಲ್ಲಲ್ಲ. ಚಂದ್ರಕುಮಾರನಿಗೆ ಮಾದೇವಿ ಎಂಬ ಮಗುವಿನ ಮುಖ ಹೊಳೆಯಲಿಲ್ಲ. ಒಂದು ಆರು ಎರಡು ಸಾವಿರದ ಎಂಟು ಎಂದು ಬರೆದ ದುಂಡಗಿನ ಅಕ್ಷರ ಮಾತ್ರ ಈಗಷ್ಟೇ ನೋಡಿದ್ದರಿಂದ ಕಣ್ಣಿಗೆ ಕಟ್ಟಿತ್ತು, ಅದೇ ಪುಟ, ಕೆಳಗಿನಿಂದ ಮೂರನೆಯದು. ಅಲ್ಲೇ ಮರಕ್ಕೆ ಒರಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ. ಹತ್ತು ಒಂಬತ್ತು ಎಂಟು. ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ಸಂಖ್ಯೆ, ಒಮ್ಮೆಯೂ ಒತ್ತಿರಲಿಲ್ಲ. ಆಚೆಯಿಂದ ಒಬ್ಬ ಹೆಣ್ಣುಮಗಳು ಊರು, ಹೆಸರು, ಮದುವೆಯ ದಿನ ಎಲ್ಲ ಬರೆದುಕೊಂಡಳು.

“ಹುಡುಗಿ ವಯಸ್ಸಿಗೆ ದಾಖಲೆ ಏನಿದೆ ಸರ್?”

“ಶಾಲೆ ದಾಖಲೆ ಇದೆ. ಅದು ಸುಳ್ಳು. ಬರೆದೋನು ನಾನೇ.”

“ಸರಿ ಸರ್. ನಿಜವಾಗ್ಲೂ ಹುಟ್ಟಿದ್ದು ಯಾವತ್ತು? ಅಂದಾಜು ಹೇಳಿದ್ರೂ ಸಾಕು.”

“ಕೇಳ್ಕೊಂಡು ಹೇಳ್ತೀನಮ್ಮ” ಎಂದ. “ಇವತ್ತೇ ಹೇಳ್ತೀನಿ.”

ಗುಂಡ್ಲುಪೇಟೆಯ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಅವನು ಅದನ್ನು ದಾಟಿ ತಾಯಿ ಮಗಳ ಹಿಂದೆ ಹರವೆ ಕಡೆಯ ಬಸ್ಸು ಹತ್ತಿದ. ಹೆಂಡತಿಯ ಫೋನು ಬಂತು, ಆಮೇಲೆ ಮಾಡುತ್ತೇನೆಂದು ಇಟ್ಟ. “ಮಾದೇವಿ ಅವ್ವ ಮನೇಲಿರ್ತಾಳಾ?” ಎಂದು ಕೇಳಿದ್ದಕ್ಕೆ ಪುಟ್ಟಸಿದ್ದಮ್ಮ ಕಿಟಕಿಯಾಚೆ ನೋಡುತ್ತಲೇ, “ಚಪ್ರ ಆಕ್ತಾವ್ರೆ. ಇರ್ದೆ ಎಲ್ಲೋಗಾಳು” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ನಿಮ್ಮುನ್ನ ಒಳಕ್ ಸೇರ್ಸಕಿಲ್ಲ ಅವ್ರು” ಎಂದಳು. ಅವನು ತಲೆಯಾಡಿಸಿದ. ಬಸ್ಸು ಊರು ಬಿಟ್ಟು ಅರಿಸಿನದ ಹೊಲಗಳ ನಡುವೆ ಕುಲುಕತೊಡಗಿತು. ಕಂಬಿ ಹಿಡಿದು ನಿಂತು ಅವನು ಆ ಇನ್ನೊಬ್ಬ ತಾಯಿಯನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದ. ಅವಳೂ ಬಂದು ಗೋಡೆಗೆ ಒರಗಿಯೇ ನಿಂತಿರಬೇಕು. ಅವಳೂ ಏನೋ ಹೇಳಿರಬೇಕು, ಯಾವುದೋ ಹಬ್ಬ, ಯಾವುದೋ ಮಳೆ, ಕರು ಹಾಕಿದ ಹಸು, ಏನಾದರೂ ಒಂದು. ಕಂಡಕ್ಟರ್ ಎರಡನೇ ಸಲ ಎಲ್ಲಿಗೆ ಎಂದು ಕೇಳಿದಾಗ ಅವನಿಗೆ ಊರಿನ ಹೆಸರೂ ತಟ್ಟನೆ ಬಾಯಿಗೆ ಬರಲಿಲ್ಲ.